ಬಾಂಬ್ ಕ್ಯಾಲೊರಿಮೀಟರ್ ಕ್ಯಾಲಿಬ್ರೇಷನ್: ಡಬ್ಬಿ ಯಾವುದು, ಕೈ ಯಾರದು?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಶಿರಾ ಕಡೆ ಕಡಲೆಕಾಯಿ ಸಿಪ್ಪೆಯನ್ನು ಒತ್ತಿ ಬ್ರಿಕೆಟ್, ಅಂದರೆ ಸೌದೆಯಂಥ ತುಂಡು ಮಾಡಿ ಮಾರುವವರು. ಇನ್ನೊಬ್ಬರು ಚಿಕ್ಕಬಳ್ಳಾಪುರದ ಕಡೆ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಮೇಡಂ. ಮೂರನೆಯವನು ಕೋಲಾರದ ಫ್ಯಾಕ್ಟರಿಯೊಂದರ ಬಾಯ್ಲರ್ ಹುಡುಗ. "ಅಣ್ಣ, ಕ್ಯಾಲೊರಿಮೀಟರ್ ಕ್ಯಾಲಿಬ್ರೇಷನ್ ಮಾಡಿಸ್ಬೇಕಂತೆ. ಇಂಜಿನಿಯರನ್ನ ಕರೆಸ್ಲಾ, ನಾವೇ ಮಾಡ್ಕೊಳ್ಳೋದಾ, ಬೆಂಗಳೂರಿಗೆ ಕಳಿಸೋದಾ?" ಅಂತ ಅವನು ಕೇಳಿದ. ಬಾಂಬ್ ಕ್ಯಾಲೊರಿಮೀಟರ್ ಅಂದರೆ ಇಂಧನ ಸುಟ್ಟು ಅದರಲ್ಲಿ ಎಷ್ಟು ಶಾಖ ಇದೆ ಅಂತ ಅಳೆಯುವ ಮಿಷನ್. ಮೂವರಿಗೂ ಫೋನಿನಲ್ಲಿ ಏನೋ ಹೇಳಿದೆ. ಆಮೇಲೆ ನೋಡಿದರೆ ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದೆ. ಅದು ತಪ್ಪು. ಅವರ ಅಗತ್ಯಗಳು ಬೇರೆ ಬೇರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನಿರುವುದು ತುಮಕೂರಿನಲ್ಲಿ, ಒಂದು ಸಣ್ಣ ಇಂಧನ ಪರೀಕ್ಷೆಯ ಲ್ಯಾಬ್‌ನಲ್ಲಿ. ಪಾವಗಡದ ಕಡಲೆಕಾಯಿ ಸಿಪ್ಪೆ, ತಿಪಟೂರಿನ ಕರಟ, ರೈಸ್ ಮಿಲ್ಲಿನ ಹೊಟ್ಟು, ಆಗಾಗ ಕಲ್ಲಿದ್ದಲು. ದಿನಾ ನೋಡುವುದು ಇವನ್ನೇ. ನಮ್ಮ ಜಿಲ್ಲೆಗೆ ಸೌದೆಯ ಶಾಖದ ಲೆಕ್ಕ ಹೊಸದೇನಲ್ಲ. ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಐಐಎಸ್‌ಸಿಯವರು 1988ರಲ್ಲೇ ಸೌದೆಯಿಂದ ಕರೆಂಟ್ ಮಾಡುವ ಗ್ಯಾಸಿಫೈಯರ್ ಓಡಿಸಿದ್ದರು. ಆಮೇಲೆ ಕೊರಟಗೆರೆ ತಾಲೂಕಿನ ಕಬ್ಬಿಗೆರೆಯಲ್ಲೂ ಅಂಥದ್ದು ಬಂತು. ಒಂದು ಕಿಲೋ ಸೌದೆಯಲ್ಲಿ ಎಷ್ಟು ಶಾಖ ಇದೆ ಅನ್ನುವುದು ಇಲ್ಲಿ ಹಣದ ಪ್ರಶ್ನೆ.

ಮೊದಲು, ಕ್ಯಾಲಿಬ್ರೇಷನ್ ಅಂದರೆ ಇಲ್ಲಿ ಏನು?

ತಕ್ಕಡಿಗೆ ತೂಕದ ಕಲ್ಲು ಇಟ್ಟು ನೋಡಿದ ಹಾಗೆ ಅಂದುಕೊಳ್ಳಿ. ಬಾಂಬ್ ಅಂದರೆ ಗಟ್ಟಿ ಉಕ್ಕಿನ ಪಾತ್ರೆ. ಅದರೊಳಗೆ ಆಮ್ಲಜನಕ ತುಂಬಿ, ಬಕೆಟ್ ನೀರಿನಲ್ಲಿ ಇಳಿಸಿ ಇಂಧನ ಸುಡುತ್ತೇವೆ. ಹುಟ್ಟಿದ ಶಾಖ ಪೂರ್ತಿ ನೀರಿಗೇ ಹೋಗುವುದಿಲ್ಲ. ಬಾಂಬಿನ ಉಕ್ಕು, ಬಕೆಟ್, ಕಲಕುವ ಕಡ್ಡಿ, ಥರ್ಮಾಮೀಟರ್ ಎಲ್ಲವೂ ಒಂದಿಷ್ಟು ಕುಡಿಯುತ್ತವೆ. ಇವೆಲ್ಲ ಸೇರಿ ಒಂದು ಡಿಗ್ರಿ ಏರಲು ಎಷ್ಟು ಕ್ಯಾಲೊರಿ ಬೇಕು ಅನ್ನುವ ಒಂದೇ ಒಂದು ಅಂಕಿ ಬೇಕು. ಲ್ಯಾಬ್‌ಗಳಲ್ಲಿ ಇದನ್ನು ವಾಟರ್ ಈಕ್ವಿವಲೆಂಟ್ ಅನ್ನುತ್ತಾರೆ. ಕ್ಯಾಲಿಬ್ರೇಷನ್ ಅಂದರೆ ಈ ಅಂಕಿ ಹುಡುಕುವುದು, ಅಷ್ಟೆ.

ಹುಡುಕಲು ಶಾಖ ಮೊದಲೇ ಗೊತ್ತಿರುವ ವಸ್ತು ಬೇಕು. ಎಲ್ಲರೂ ಬಳಸುವುದು ಬೆಂಜೋಯಿಕ್ ಆ್ಯಸಿಡ್. ಒಂದು ಗ್ರಾಂ ಸುಟ್ಟರೆ 26,434 ಜೂಲ್, ಅಂದರೆ 6,318 ಕ್ಯಾಲೊರಿ. ಒಂದು ದಿನದ ನಮ್ಮ ರಿಜಿಸ್ಟರ್ ಸಾಲು ಹೀಗಿದೆ. ಒತ್ತಿದ ಬೆಂಜೋಯಿಕ್ ಗುಳಿಗೆ 1.0025 ಗ್ರಾಂ, ಅದರಿಂದ 6,333.8 ಕ್ಯಾಲೊರಿ. ಬೆಂಕಿ ಹೊತ್ತಿಸುವ ಫ್ಯೂಸ್ ವೈರ್ 7.6 ಸೆಂಟಿಮೀಟರ್ ಸುಟ್ಟಿದೆ, ನಮ್ಮ ನಿಕಲ್ ಮಿಶ್ರಲೋಹದ ವೈರಿಗೆ ಸೆಂಟಿಮೀಟರಿಗೆ 2.3 ಕ್ಯಾಲೊರಿ, ಅಲ್ಲಿಗೆ 17.5. ಬಾಂಬಿನೊಳಗೆ ಹುಟ್ಟಿದ ನೈಟ್ರಿಕ್ ಆಮ್ಲಕ್ಕೆ 10. ಒಟ್ಟು 6,361.3. ಏರಿದ ಉಷ್ಣಾಂಶ 2.620 ಡಿಗ್ರಿ. ಭಾಗಿಸಿದರೆ ಡಿಗ್ರಿಗೆ 2,428 ಕ್ಯಾಲೊರಿ. ನಾಳೆ ಯಾವುದೋ ಬ್ರಿಕೆಟ್ ಸುಟ್ಟಾಗ ಬಂದ ಡಿಗ್ರಿಯನ್ನು ಇದೇ 2,428ರಿಂದ ಗುಣಿಸುತ್ತೇವೆ. ಇದು ತಪ್ಪಿದ್ದರೆ ಅದರ ಮೇಲೆ ಕಟ್ಟಿದ ಎಲ್ಲ ರಿಪೋರ್ಟೂ ಅಷ್ಟೇ ತಪ್ಪು.

ಯಾವುದನ್ನು ಇಟ್ಟುಕೊಂಡು ಅಳೆಯೋಣ?

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, ನಿಮ್ಮ ಅಂಕಿಯನ್ನು ಯಾರು ಪ್ರಶ್ನೆ ಮಾಡುತ್ತಾರೆ? ನೀವೇ ನೋಡಿಕೊಳ್ಳುವುದಾದರೆ ಒಂದು ಲೆಕ್ಕ, ಕೊಳ್ಳುವವರು ಅದರ ಮೇಲೆ ಬಿಲ್ ಕಡಿಮೆ ಮಾಡುವುದಾದರೆ ಇನ್ನೊಂದು ಲೆಕ್ಕ. ಎರಡನೆಯದು, ಎಷ್ಟು ತಪ್ಪಿದರೆ ನಿಮಗೆ ನೋವಾಗುತ್ತದೆ? ಕಲ್ಲಿದ್ದಲಿಗೆ 2012ರಿಂದ ಕಿಲೋದ ಶಾಖದಲ್ಲಿ 300 ಕಿಲೋಕ್ಯಾಲೊರಿಗೆ ಒಂದರಂತೆ ಗ್ರೇಡ್ ಇದೆ, ಜಿ1ರಿಂದ ಜಿ17ರವರೆಗೆ. ಗಡಿಯಲ್ಲಿರುವ ಲೋಡ್ ಆದರೆ 20 ಕಿಲೋಕ್ಯಾಲೊರಿಗೂ ಗ್ರೇಡ್ ಬದಲಾಗಬಹುದು. ಸೌದೆ ತುಂಬುವ ಬಾಯ್ಲರಿಗೆ 20 ಅಂದರೆ ಏನೂ ಅಲ್ಲ.

ಮೂರನೆಯದು ಜನ ಕೇಳುವುದೇ ಇಲ್ಲ, ಆದರೆ ನನಗೆ ಇದೇ ಮುಖ್ಯ. ಕ್ಯಾಲಿಬ್ರೇಷನ್ ಮಾಡಿದ ಕೈ, ನೀರು, ವೈರು, ಕೋಣೆ, ಇವೇ ದಿನದ ಪರೀಕ್ಷೆಯಲ್ಲೂ ಇರುತ್ತವೆಯಾ? ಎರಡೂ ಕಡೆ ಒಂದೇ ತಪ್ಪಾದರೆ ಬಹುಪಾಲು ಹೊಡೆದುಹೋಗುತ್ತದೆ. ನಿಮ್ಮ ಥರ್ಮಾಮೀಟರ್ ಶೇ 1ರಷ್ಟು ಜಾಸ್ತಿ ತೋರಿಸುತ್ತದೆ ಅಂದುಕೊಳ್ಳಿ. ಬೆಂಜೋಯಿಕ್‌ಗೂ ಜಾಸ್ತಿ, ಬ್ರಿಕೆಟ್‌ಗೂ ಜಾಸ್ತಿ. ಕೊನೆಯ ಉತ್ತರ ಸರಿಯಾಗೇ ಬರುತ್ತದೆ. ಅದೇ ಥರ್ಮಾಮೀಟರನ್ನು ನಡುವೆ ಬದಲಾಯಿಸಿದಿರೋ, ಕೆಟ್ಟಿತು.

ನಾಲ್ಕನೆಯದು ಸಮಯ. ಕೈಯಲ್ಲಿ ಓದುವ ಸಾದಾ ಕ್ಯಾಲೊರಿಮೀಟರ್ ಆದರೆ ಒಂದು ಸುಡುವಿಕೆಗೆ ತೊಳೆದು ಒರೆಸಿ ಮುಕ್ಕಾಲು ಗಂಟೆ ಬೇಕು. ಐದು ಸಲ ಅಂದರೆ ಅರ್ಧ ದಿನ ಹೋಯಿತು. ತಾನೇ ನೀರು ತುಂಬಿಕೊಂಡು ತಾನೇ ಲೆಕ್ಕ ಹಾಕುವ ಮಿಷನ್ ಇದ್ದರೆ ಬೆಳಗ್ಗೆಯಲ್ಲೇ ಮುಗಿಯುತ್ತದೆ.

ಇಂಜಿನಿಯರ್ ಬಂದು ಸ್ಟಿಕ್ಕರ್ ಅಂಟಿಸಿ ಹೋಗುವುದು

ಹೆಚ್ಚಿನವರು ಮಾಡುವುದು ಇದನ್ನೇ. ವಾರ್ಷಿಕ ಮೆಂಟೆನೆನ್ಸ್ ಕಾಂಟ್ರ್ಯಾಕ್ಟ್ ಇರುತ್ತದೆ, ವರ್ಷಕ್ಕೊಮ್ಮೆ ಒಬ್ಬ ಹುಡುಗ ಬ್ಯಾಗ್ ಹಿಡಿದು ಬರುತ್ತಾನೆ. ಎರಡು ಮೂರು ಗುಳಿಗೆ ಸುಡುತ್ತಾನೆ, ಒಂದು ಸರ್ಟಿಫಿಕೇಟ್ ಬರೆದು ಕೊಡುತ್ತಾನೆ. ಆಡಿಟ್‌ಗೆ ಬಂದವರು ಅದನ್ನು ನೋಡಿ ತಲೆ ಆಡಿಸುತ್ತಾರೆ.

ಇದರಲ್ಲಿ ಲಾಭ ಇಲ್ಲದೇ ಇಲ್ಲ. ಓ-ರಿಂಗ್ ಸವೆದಿದೆಯಾ, ವಾಲ್ವ್ ಸೋರುತ್ತಿದೆಯಾ, ಕಲಕುವ ಕಡ್ಡಿ ನೇರ ತಿರುಗುತ್ತಿದೆಯಾ, ಇದನ್ನೆಲ್ಲ ಅವನ ಕಣ್ಣು ಹಿಡಿಯುತ್ತದೆ. ಬಾಂಬಿನ ಒತ್ತಡದ ಪರೀಕ್ಷೆಯ ನೆನಪನ್ನೂ ಅವನೇ ಮಾಡುತ್ತಾನೆ. ಅದನ್ನು ಎಂದೂ ಮುಂದೂಡಬೇಡಿ. 30 ವಾತಾವರಣದಷ್ಟು ಆಮ್ಲಜನಕ ತುಂಬುವ ಪಾತ್ರೆ ಅದು.

ಆದರೆ ಅಂಕಿಯ ವಿಷಯಕ್ಕೆ ಬಂದರೆ ಮೂರನೆಯ ಪ್ರಶ್ನೆಯಲ್ಲಿ ಇದು ಸೋಲುತ್ತದೆ. ಹಿಂದೊಮ್ಮೆ ನಮ್ಮಲ್ಲಿ ಆಗಿದ್ದು ಹೇಳುತ್ತೇನೆ. ಬಂದವರು ಬೇಸಿಗೆಯ ಮಧ್ಯಾಹ್ನ ಎಸಿ ಹಾಕಿಸಿ, ತಮ್ಮ ಬ್ಯಾಗಿನ ವೈರ್ ಕಟ್ಟಿ, ಮೂರು ಸಲ ಸುಟ್ಟರು. ಅಂಕಿ ಚೆನ್ನಾಗೇ ಬಂತು. ಅವರು ಹೋದ ಮೇಲೆ ನಾವು ಎಸಿ ಆರಿಸಿದೆವು. ಅದು ನಮ್ಮ ರೂಢಿ, ಕರೆಂಟ್ ಬಿಲ್ ನೋಡಿ ಬಂದದ್ದು. ನಮ್ಮ ವೈರ್ ಬೇರೆ, ಕಟ್ಟುವ ಉದ್ದ ಬೇರೆ. ಎರಡು ವಾರದ ಮೇಲೆ ಅನುಮಾನ ಬಂದು ಅದೇ ಬೆಂಜೋಯಿಕ್ ಆ್ಯಸಿಡನ್ನು ಸ್ಯಾಂಪಲ್ ಅಂತ ಸುಟ್ಟು ನೋಡಿದೆವು. 6,318 ಬರಬೇಕಾದ ಕಡೆ 6,350ರ ಆಸುಪಾಸು ಬಂತು. ಸರ್ಟಿಫಿಕೇಟ್ ಸುಳ್ಳಲ್ಲ. ಅದು ಆ ಮಧ್ಯಾಹ್ನದ ಸತ್ಯ, ನಮ್ಮ ಸತ್ಯ ಬೇರೆ.

ಹಾಗಾಗಿ ಇಂಜಿನಿಯರನ್ನು ಕರೆಸಿ, ಆದರೆ ಸರ್ವಿಸ್‌ಗೆ ಕರೆಸಿ. ಅವರು ಹೊರಟ ಮಾರನೆಯ ದಿನ ನೀವೇ ಐದು ಸಲ ಸುಡಿ. ಪಾರ್ಟ್ ಬದಲಾಯಿಸಿ ಹೋಗಿದ್ದರಂತೂ ಸುಡಲೇಬೇಕು.

ಅಂಗಡಿಯ ಬಾಟಲ್, ಕಂಪನಿಯ ಮಾತ್ರೆ, ಸರ್ಟಿಫೈಡ್ ಡಬ್ಬಿ

ನೀವೇ ಸುಡುವುದು ಅಂತ ಆದರೆ ಮುಂದಿನ ಪ್ರಶ್ನೆ ಯಾವ ಬೆಂಜೋಯಿಕ್ ಆ್ಯಸಿಡ್ ಅನ್ನುವುದು. ಮೂರು ದಾರಿ ಇವೆ. ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದೂ ಇಲ್ಲೇ.

ಅಗ್ಗದ್ದು ಕೆಮಿಕಲ್ ಅಂಗಡಿಯ ಬಾಟಲ್. ಅರ್ಧ ಕಿಲೋ ತಂದರೆ ವರ್ಷಗಟ್ಟಲೆ ಬರುತ್ತದೆ. ಲೇಬಲ್ ಮೇಲೆ ಶುದ್ಧತೆ ಶೇ 99.5 ಅಂತ ಇರುತ್ತದೆ. ಅದು ಸಾಲದಾ? ಲೆಕ್ಕ ನೋಡೋಣ. ಉಳಿದ ಅರ್ಧ ಶೇಕಡಾ ಸುಮ್ನೆ ತೇವ ಅಂದುಕೊಳ್ಳಿ. ಅದು ಶಾಖ ಕೊಡುವುದಿಲ್ಲ, ಆದರೆ ನೀವು ಕೊಟ್ಟಿದೆ ಅಂತ ಲೆಕ್ಕ ಹಾಕುತ್ತೀರಿ. 2,428 ಬರಬೇಕಾದ ಅಂಕಿ 2,440 ಆಗುತ್ತದೆ. ಆಮೇಲೆ ಗ್ರಾಂಗೆ 4,100 ಕ್ಯಾಲೊರಿ ಇರುವ ಕಡಲೆಕಾಯಿ ಸಿಪ್ಪೆ 4,120 ಅಂತ ತೋರಿಸುತ್ತದೆ. ತೇವ ಹಿಡಿದ ಬಾಟಲ್ ಯಾವಾಗಲೂ ಹೀಗೆ ಮೇಲಕ್ಕೇ ಎಳೆಯುತ್ತದೆ. ಮಾರುವವರಿಗೆ ಖುಷಿ, ಅದಕ್ಕೇ ಯಾರೂ ದೂರು ಕೊಡುವುದಿಲ್ಲ! ಕಾಲೇಜಿನ ಪ್ರಾಕ್ಟಿಕಲ್‌ಗೆ ಇಷ್ಟು ತಪ್ಪು ಧಾರಾಳವಾಗಿ ನಡೆಯುತ್ತದೆ. ಮಕ್ಕಳು ಗುಳಿಗೆ ಒತ್ತುವಾಗ ಉದುರಿಸುವ ಪುಡಿಯ ತಪ್ಪೇ ಇದಕ್ಕಿಂತ ಜಾಸ್ತಿ.

ಒಂದು ಎಚ್ಚರ. ತೇವ ಹೋಗಲಿ ಅಂತ ಇದನ್ನು 105 ಡಿಗ್ರಿ ಓವನ್‌ಗೆ ಇಡಬೇಡಿ. ಬೆಂಜೋಯಿಕ್ ಆ್ಯಸಿಡ್ ಆವಿಯಾಗಿ ಹಾರುತ್ತದೆ, ಓವನ್ ಬಾಗಿಲು ತೆಗೆದರೆ ಕೆಮ್ಮು. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪಾತ್ರೆ, ಅಂದರೆ ಡೆಸಿಕೇಟರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಪುಡಿಯನ್ನು ಹಾಗೇ ಸುಡುವುದೂ ಬೇಡ. ಒತ್ತಿದ ಗುಳಿಗೆಯೇ ಆಗಬೇಕು. ಪುಡಿ ಒಮ್ಮೆಲೇ ಹೊತ್ತಿಕೊಂಡು, ಅದನ್ನು ಇಟ್ಟ ಪುಟ್ಟ ಬಟ್ಟಲು ಕ್ರೂಸಿಬಲ್‌ನಿಂದ ಎಗರುತ್ತದೆ, ಬಾಂಬಿಗೂ ಒಳ್ಳೆಯದಲ್ಲ.

ಎರಡನೆಯದು ಕ್ಯಾಲೊರಿಮೀಟರ್ ಕಂಪನಿಗಳೇ ಮಾರುವ ಒಂದು ಗ್ರಾಂ ಮಾತ್ರೆಗಳು. ಡಬ್ಬಿ ತೆಗೆದು, ಚಿಮುಟದಲ್ಲಿ ಒಂದು ಎತ್ತಿ, ತೂಗಿ, ಇಟ್ಟರೆ ಆಯಿತು. ಗುಳಿಗೆ ಒತ್ತುವ ಪ್ರೆಸ್ಸಿನ ಹ್ಯಾಂಡಲ್ ತಿರುಗಿಸುವ ಕೆಲಸವಿಲ್ಲ. ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಈ ಲಾಟಿನ ಶಾಖ ಇಷ್ಟು, ಯಾವ ಪ್ರಮಾಣ ವಸ್ತುವಿಗೆ ಹೋಲಿಸಿ ಅಳೆದದ್ದು ಅಂತ ಬರೆದಿದ್ದರೆ ಅದು ಒಳ್ಳೆಯ ಡಬ್ಬಿ. ಬರೀ "ಕ್ಯಾಲಿಬ್ರೇಷನ್ ಗ್ರೇಡ್" ಅಂತ ಇದ್ದರೆ ಅದು ಅಂಗಡಿ ಬಾಟಲೇ, ಆಕಾರ ಮಾತ್ರ ಮಾತ್ರೆಯದು. ನಮ್ಮ ವಾರದ ಕೆಲಸ ನಡೆಯುವುದು ಮಾತ್ರೆಗಳಲ್ಲೇ.

ಮೂರನೆಯದು ಸರ್ಟಿಫೈಡ್ ರೆಫರೆನ್ಸ್ ಮೆಟೀರಿಯಲ್, ಅಂದರೆ ಶಾಖ ಇಷ್ಟೇ ಅಂತ ಪ್ರಮಾಣಪತ್ರದ ಜೊತೆ ಬರುವ ವಸ್ತು. ಇದರಲ್ಲಿ ಹೆಸರಾದದ್ದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಎಸ್‌ಆರ್‌ಎಂ 39 ಸರಣಿ. 39ಜೆ ಲಾಟಿನ ಶಾಖ ಗ್ರಾಂಗೆ 26,434 ಜೂಲ್, ಮೂರು ಜೂಲ್ ಆಚೀಚೆ. ಅಂದರೆ ಹತ್ತು ಸಾವಿರಕ್ಕೆ ಸುಮಾರು ಒಂದು ಭಾಗ. ಪ್ರಮಾಣ ವಸ್ತು ಮಾಡುವವರಿಗೆ ಕೊಡುವ ಐಎಸ್ಒ 17034 ಮಾನ್ಯತೆ ಇರುವ ಬೇರೆ ತಯಾರಕರ ಡಬ್ಬಿಗಳೂ ಸಿಗುತ್ತವೆ. ರೇಟು ಕೇಳಿದರೆ ಅಂಗಡಿ ಬಾಟಲಿನ ಎಷ್ಟೋ ಪಟ್ಟು. ಡಬ್ಬಿಯೂ ಸಣ್ಣದು.

ಜನ ಎರಡು ತಪ್ಪು ಮಾಡುತ್ತಾರೆ. ಕೆಲವರು ಇದನ್ನು ತಂದು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ, ಆಡಿಟ್ ದಿನ ಮಾತ್ರ ದರ್ಶನ. ಇನ್ನು ಕೆಲವರು ದಿನಾ ಸುಟ್ಟು ಮೂರು ತಿಂಗಳಲ್ಲಿ ಖಾಲಿ ಮಾಡುತ್ತಾರೆ. ಎರಡೂ ಬೇಡ. ವರ್ಷಕ್ಕೆ ಎರಡು ಸಲ ಇದರಲ್ಲಿ ಐದೈದು ಸುಟ್ಟು ನಿಜವಾದ ಅಂಕಿ ಹಿಡಿಯಿರಿ. ಅದೇ ದಿನ ನಿಮ್ಮ ಮಾತ್ರೆಯನ್ನೂ ಸ್ಯಾಂಪಲ್ ಥರ ಸುಟ್ಟು, ಅದರ ಶಾಖ ಎಷ್ಟು ಬಂತು ಅಂತ ಡಬ್ಬಿಯ ಮೇಲೆ ಬರೆಯಿರಿ. ಆರು ತಿಂಗಳು ಮಾತ್ರೆಯಲ್ಲೇ ಕಾಲ ಹಾಕಬಹುದು.

ಸರ್ಟಿಫಿಕೇಟ್ ಓದುವಾಗ ಒಂದು ವಿಷಯ. 26,434 ಅನ್ನುವುದು ಒಂದು ಸ್ಥಿತಿಯಲ್ಲಿ ಸುಟ್ಟಾಗಿನ ಅಂಕಿ: 25 ಡಿಗ್ರಿ, 30 ವಾತಾವರಣ ಆಮ್ಲಜನಕ, ಬಾಂಬಿನ ಪ್ರತಿ ಲೀಟರ್ ಜಾಗಕ್ಕೆ 3 ಗ್ರಾಂ ವಸ್ತು ಮತ್ತು 3 ಗ್ರಾಂ ನೀರು. ನಮ್ಮ ಬಾಂಬುಗಳು ಸುಮಾರು 340 ಮಿಲಿಲೀಟರ್. ಒಂದು ಗ್ರಾಂ ಗುಳಿಗೆ, ತಳದಲ್ಲಿ ಒಂದು ಮಿಲಿಲೀಟರ್ ನೀರು, ಲೆಕ್ಕ ತಾನಾಗೇ ಕೂಡುತ್ತದೆ. ನಮ್ಮ ಕೋಣೆ 32 ಡಿಗ್ರಿ ಇದ್ದರೆ? ಏಳು ಡಿಗ್ರಿಗೆ ಶೇ 0.03ರಷ್ಟು ವ್ಯತ್ಯಾಸ. ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಲೊರಿಗೆ ಬದಲಾಯಿಸುವಾಗ ಮಾತ್ರ ಹುಷಾರು. 4.184ರಿಂದ ಭಾಗಿಸಿದರೆ 6,318. 4.1868ರಿಂದ ಭಾಗಿಸಿದರೆ 6,314. ಎರಡೂ ಚಾಲ್ತಿಯಲ್ಲಿವೆ. ಯಾವುದಾದರೂ ಇರಲಿ, ಮಿಷನ್ನಿನಲ್ಲಿ ಒಂದು ಎಕ್ಸೆಲ್‌ನಲ್ಲಿ ಇನ್ನೊಂದು ಆಗಬಾರದು.

ಕರೆಂಟಿನಿಂದ ಕ್ಯಾಲಿಬ್ರೇಷನ್

ಪುಸ್ತಕಗಳಲ್ಲಿ ಇದೂ ಇರುತ್ತದೆ. ನೀರಿನಲ್ಲಿ ಹೀಟರ್ ಸುರುಳಿ ಇಟ್ಟು, ವೋಲ್ಟೇಜ್, ಕರೆಂಟ್, ಸೆಕೆಂಡ್ ಮೂರನ್ನೂ ಗುಣಿಸಿದರೆ ಎಷ್ಟು ಜೂಲ್ ಹೋಯಿತು ಅಂತ ಗೊತ್ತಾಗುತ್ತದೆ. ಕೇಳಲು ಚಂದ, ಕೆಮಿಕಲ್ಲೇ ಬೇಡ. ಬೆಂಜೋಯಿಕ್ ಆ್ಯಸಿಡ್‌ನ ಅಂಕಿಯನ್ನೇ ದೊಡ್ಡ ಮಾಪನ ಸಂಸ್ಥೆಗಳು ಹೀಗೆ ಕರೆಂಟಿಗೆ ಹೋಲಿಸಿ ಕಟ್ಟಿರುವುದು.

ನಮ್ಮಂಥವರಿಗೆ ಇದು ದೂರದ ಬೆಟ್ಟ. ಹತ್ತು ನಿಮಿಷದಲ್ಲಿ 26 ಸಾವಿರ ಜೂಲ್ ಕೊಡಬೇಕಾದರೆ 43 ವಾಟ್ ಅಲುಗಾಡದೆ ಹರಿಯಬೇಕು. ನಮ್ಮೂರಿನ ಲೈನಿನಲ್ಲಿ ಸಂಜೆ ವೋಲ್ಟೇಜ್ ಹೇಗೆ ಕುಣಿಯುತ್ತದೆ ಅಂತ ನಿಮಗೇ ಗೊತ್ತು, ಬ್ಯಾಟರಿ ಇಲ್ಲವೇ ಒಳ್ಳೆಯ ಡಿಸಿ ಸಪ್ಲೈ ಬೇಕು. ಅದಿರಲಿ, ಹೀಟರ್ ಹತ್ತು ನಿಮಿಷ ನಿಧಾನ ಕಾಯಿಸುತ್ತದೆ. ಇಂಧನ ಬಾಂಬಿನ ಒಳಗಿಂದ ಥಟ್ಟನೆ ಕಾಯಿಸುತ್ತದೆ. ಶಾಖ ಹರಡುವ ದಾರಿಯೇ ಬೇರೆ. ಕಾಲೇಜಿನಲ್ಲಿ ಮಾತ್ರ ಇದನ್ನು ಒಮ್ಮೆ ಮಾಡಿಸಲೇಬೇಕು ಅಂತ ನನ್ನ ಅಭಿಪ್ರಾಯ. ಒಂದೇ ಅಂಕಿಗೆ ಎರಡು ದಾರಿಯಲ್ಲಿ ಬಂದಾಗ ಮಕ್ಕಳ ಮುಖ ನೋಡಬೇಕು.

ಬೆಂಗಳೂರಿಗೆ ಕಳಿಸುವುದು

ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆಯ ಲ್ಯಾಬ್‌ಗೆ ಸ್ಯಾಂಪಲ್ ಕೊಟ್ಟು ರಿಪೋರ್ಟ್ ತರಬಹುದು. ಇದು ನಿಮ್ಮ ಮಿಷನ್ನಿನ ಕ್ಯಾಲಿಬ್ರೇಷನ್ ಅಲ್ಲ ಅನ್ನುವುದು ನೆನಪಿರಲಿ. ಇದು ಹೋಲಿಕೆ. ಒಂದೇ ಪುಡಿಯನ್ನು ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ. ಒಂದು ಅವರಿಗೆ, ಒಂದು ನಿಮಗೆ. ಎರಡು ಅಂಕಿ ಹತ್ತಿರ ಬಂದರೆ ನಿಮ್ಮ ಮನೆ ಸರಿ ಇದೆ.

ಕಳಿಸುವ ಮೊದಲು ಅವರ ಮಾನ್ಯತೆಯ ಪಟ್ಟಿ ಕೇಳಿ ನೋಡಿ. ಅದರಲ್ಲಿ ಕ್ಯಾಲೊರಿಫಿಕ್ ವ್ಯಾಲ್ಯೂ ಅನ್ನುವ ಪರೀಕ್ಷೆ ನಿಮ್ಮ ವಸ್ತುವಿಗೇ ಇರಬೇಕು. ಕಲ್ಲಿದ್ದಲಿಗೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ಹೊಟ್ಟಿಗೂ ಇದೆ ಅಂತಲ್ಲ. ವಿಧಾನವೂ ಬೇರೆ: ಕಲ್ಲಿದ್ದಲಿಗೆ ಐಎಸ್ 1350ರ ಎರಡನೇ ಭಾಗ ಅಥವಾ ಐಎಸ್ಒ 1928, ಸೌದೆ-ಸಿಪ್ಪೆಗೆ ಐಎಸ್ಒ 18125.

ಇಲ್ಲೊಂದು ಮಾತು. ಎರಡು ಲ್ಯಾಬ್‌ಗಳ ಅಂಕಿ ಕೂಡದೇ ಇದ್ದಾಗ ಎಲ್ಲರೂ ಕ್ಯಾಲಿಬ್ರೇಷನ್ ಮೇಲೆ ಬೆರಳು ತೋರಿಸುತ್ತಾರೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ತೇವದ ಜಗಳ. ಒಣಗಿಸಿದ ಮೇಲೆ 4,200 ಇರುವ ಸಿಪ್ಪೆ, ಶೇ 10 ತೇವ ಇದ್ದರೆ 3,780. ವ್ಯತ್ಯಾಸ 420! ಕ್ಯಾಲಿಬ್ರೇಷನ್ ತಪ್ಪು ಇದರ ಮುಂದೆ ಸೊಳ್ಳೆ. ಒಬ್ಬರು ಒಣಗಿಸಿದ ಲೆಕ್ಕ ಕೊಟ್ಟಿರುತ್ತಾರೆ, ಇನ್ನೊಬ್ಬರು ಬಂದ ಹಾಗೇ ಇರುವ ಲೆಕ್ಕ ಕೊಟ್ಟಿರುತ್ತಾರೆ. ದುಡ್ಡು ಕೊಟ್ಟು ಸರ್ಟಿಫೈಡ್ ಡಬ್ಬಿ ತರಿಸುವ ಮುಂಚೆ ಮೊದಲು ರಿಪೋರ್ಟಿನ ಆ ಸಾಲು ಓದಿ.

ನೀರು

ಯಾವ ದಾರಿ ಹಿಡಿದರೂ ಇದು ತಪ್ಪಿದರೆ ಎಲ್ಲ ತಪ್ಪಿತು. ನನ್ನ ಮೂರ್ಖತನವನ್ನೇ ಹೇಳಿಕೊಳ್ಳುತ್ತೇನೆ.

ಆಗ ನಾವು ಬಕೆಟ್‌ಗೆ ನೀರನ್ನು ಎರಡು ಲೀಟರಿನ ಫ್ಲಾಸ್ಕ್‌ನಲ್ಲಿ ಅಳೆದು ಹಾಕುತ್ತಿದ್ದೆವು. ಗೆರೆಗೆ ಸರಿಯಾಗಿ, ಕಣ್ಣು ಸಮ ಇಟ್ಟು. ಜನವರಿಯಲ್ಲಿ 2,428 ಬಂದಿತ್ತು. ಏಪ್ರಿಲ್‌ನಲ್ಲಿ 2,422. ಮತ್ತೆ ಸುಟ್ಟೆ, 2,421. ಮಾತ್ರೆ ಕೆಟ್ಟಿದೆ ಅಂತ ಹೊಸ ಡಬ್ಬಿ ತರಿಸಿದೆ. ಅದರಲ್ಲೂ 2,422. ಆಮ್ಲಜನಕದ ಸಿಲಿಂಡರ್ ಬದಲಾಯಿಸಿದೆ. ಆಗಲೂ ಅಷ್ಟೇ ಬಂತು. ಕೊನೆಗೆ ನಮ್ಮ ಲ್ಯಾಬ್‌ನ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಸುಮ್ಮನೆ ಆ ಫ್ಲಾಸ್ಕಿನ ನೀರನ್ನು ತಕ್ಕಡಿ ಮೇಲೆ ಇಟ್ಟಳು. "ಸರ್, ಇದು 1,990 ಗ್ರಾಂ ಅಲ್ವಾ ಇರೋದು?"

20 ಡಿಗ್ರಿಯಲ್ಲಿ ಎರಡು ಲೀಟರ್ ನೀರು 1,996 ಗ್ರಾಂ ತೂಗುತ್ತದೆ. 32 ಡಿಗ್ರಿಯಲ್ಲಿ 1,990. ನೀರು ಹಿಗ್ಗುತ್ತದೆ, ಫ್ಲಾಸ್ಕಿನ ಗೆರೆ ಅಲ್ಲೇ ಇರುತ್ತದೆ. ಆರು ಗ್ರಾಂ ನೀರು ಕಮ್ಮಿ ಅಂದರೆ ವಾಟರ್ ಈಕ್ವಿವಲೆಂಟ್ ಆರು ಕಮ್ಮಿ. ಬೇರೆ ಏನೂ ಆಗಿರಲಿಲ್ಲ. ಅವತ್ತಿನಿಂದ ನಾವು ನೀರು ಅಳೆಯುವುದಿಲ್ಲ, ತೂಗುತ್ತೇವೆ. ಐದು ಕಿಲೋ ಹಿಡಿದು ಅರ್ಧ ಗ್ರಾಂ ತೋರಿಸುವ ತಕ್ಕಡಿ ಇದಕ್ಕೆ ಸಾಕು. ನನ್ನ ಕೇಳಿದರೆ ಸರ್ಟಿಫೈಡ್ ಡಬ್ಬಿಗಿಂತ ಮೊದಲು ಕೊಳ್ಳಬೇಕಾದದ್ದು ಅದನ್ನು.

ಬೋರ್ ನೀರು ಬಕೆಟ್‌ಗೆ ಬೇಡ, ಅದರಲ್ಲೂ ಕೋಲಾರ-ಚಿಕ್ಕಬಳ್ಳಾಪುರದ ಗಡಸು ನೀರು ಬೇಡವೇ ಬೇಡ. ಬಾಂಬಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕರೆಂಟ್ ಕೊಡುವ ಕಡ್ಡಿಗಳ ಬುಡದಲ್ಲಿ ತುಕ್ಕು. ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೇಸಿಗೆಯಲ್ಲಿ ಕ್ಯಾನಿನ ನೀರು ಬೆಳಗ್ಗೆಯೇ 31-32 ಇರುತ್ತದೆ. ಸಾದಾ ಕ್ಯಾಲೊರಿಮೀಟರಿನಲ್ಲಿ ನೀರು ಕೋಣೆಗಿಂತ ಒಂದೂವರೆ ಡಿಗ್ರಿ ತಣ್ಣಗೆ ಶುರುವಾದರೆ ಒಳ್ಳೆಯದು. ಮೊದಲರ್ಧ ಕೋಣೆಯಿಂದ ಶಾಖ ಬರುತ್ತದೆ, ಆಮೇಲೆ ಕೋಣೆಗೆ ಹೋಗುತ್ತದೆ, ತಿದ್ದುವ ಲೆಕ್ಕ ಚಿಕ್ಕದಾಗುತ್ತದೆ. ನಾವು ಒಂದು ಕ್ಯಾನನ್ನು ರಾತ್ರಿಯೇ ಫ್ರಿಜ್‌ನಲ್ಲಿ ಇಟ್ಟು, ಬೆಳಗ್ಗೆ ಬೆರೆಸಿ ಹದ ಮಾಡಿಕೊಳ್ಳುತ್ತೇವೆ. ಸ್ನಾನದ ನೀರು ಬೆರೆಸಿದ ಹಾಗೆ.

ಒಂದು ಗ್ರಾಂ ಸುಡಬೇಕಾ?

ಇದು ಸಿಪ್ಪೆ-ಹೊಟ್ಟು ಸುಡುವವರಿಗೆ ಮಾತ್ರ. ಒಂದು ಗ್ರಾಂ ಬೆಂಜೋಯಿಕ್ 2.6 ಡಿಗ್ರಿ ಏರಿಸುತ್ತದೆ. ಒಂದು ಗ್ರಾಂ ಕಡಲೆಕಾಯಿ ಸಿಪ್ಪೆ 1.7 ಡಿಗ್ರಿ ಮಾತ್ರ. ಮಿಷನ್ 2.6ರಲ್ಲಿ ಸರಿ ಇದ್ದು 1.7ರಲ್ಲಿ ಸ್ವಲ್ಪ ತಪ್ಪಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ನಾನು ವರ್ಷಕ್ಕೊಮ್ಮೆ ಬೇರೆ ಬೇರೆ ತೂಕದ ಗುಳಿಗೆ ಸುಡುತ್ತೇನೆ: 0.7, 0.9, 1.1 ಗ್ರಾಂ. 0.7 ಗ್ರಾಂ ಬೆಂಜೋಯಿಕ್ 1.83 ಡಿಗ್ರಿ ಏರಿಸುತ್ತದೆ, ಸಿಪ್ಪೆಯ ಪಕ್ಕದ ಮನೆ. ಮೂರೂ ತೂಕಕ್ಕೆ ವಾಟರ್ ಈಕ್ವಿವಲೆಂಟ್ ಒಂದೇ ಬಂದರೆ ನಿಶ್ಚಿಂತೆ. 1.1 ದಾಟಬೇಡಿ, ಬಾಂಬಿನ ಮಿತಿ ಅದರ ಆಸುಪಾಸಿನಲ್ಲೇ ಇರುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. ಶುದ್ಧ ಸುಕ್ರೋಸ್, ಲ್ಯಾಬ್ ದರ್ಜೆಯದು, ಒತ್ತಿ ಸುಡಿ. ಸುಮಾರು 3,940 ಬರಬೇಕು. ಬೆಂಜೋಯಿಕ್‌ನಿಂದ ಕಟ್ಟಿದ ಅಂಕಿ ಬೇರೆ ವಸ್ತುವಿಗೂ ಒಪ್ಪುತ್ತದೆಯಾ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಸಕ್ಕರೆ ಹೊತ್ತಿಕೊಳ್ಳಲು ಸ್ವಲ್ಪ ಹಟ ಮಾಡುತ್ತದೆ, ವೈರ್ ಗುಳಿಗೆಗೆ ಚೆನ್ನಾಗಿ ತಾಗಿರಲಿ. ಸುಟ್ಟ ಮೇಲೆ ಕ್ರೂಸಿಬಲ್ ನೋಡಿ. ಮಸಿ ಕಂಡರೆ ಆ ಓದು ಕಸದ ಬುಟ್ಟಿಗೆ. ಭತ್ತದ ಹೊಟ್ಟಿಗೂ ಇದೇ ಮಾತು. ಅದರ ಬೂದಿಯಲ್ಲಿ ಸಿಲಿಕಾ ಜಾಸ್ತಿ, ಒಳಗೆ ಕರಿ ಸಿಕ್ಕಿಕೊಂಡು ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಕೋಲಾರದ ಹುಡುಗನಿಗೆ ಈಗ ಹೇಳುವುದಾದರೆ: ತಮ್ಮಾ, ನಿನಗೆ ಬೇಕಿರುವುದು ಯಾವ ಲೋಡ್ ಚೆನ್ನಾಗಿದೆ ಅನ್ನುವುದು. ಶೇ 1 ಆಚೀಚೆ ಆದರೂ ನಡೆಯುತ್ತದೆ. ಮಾತ್ರೆಯ ಡಬ್ಬಿ ಒಂದು ತಗೋ, ಸೋಮವಾರ ಒಂದು ಸುಡು, ಅಂಕಿ ಬರೆದಿಡು. ಅದಕ್ಕಿಂತ ಮುಂಚೆ ತೇವ ನೋಡುವ ಓವನ್ ಸರಿ ಮಾಡಿಸು.

ಕಾಲೇಜಿನ ಮೇಡಂಗೆ ಅಂಗಡಿಯ ಬಾಟಲ್ ಸಾಕು, ಆದರೆ ವರ್ಷವೆಲ್ಲ ಒಂದೇ ಬಾಟಲ್ ಇರಲಿ. ಬರೀ ಡಿಗ್ರಿಯ ಏರಿಕೆಯನ್ನು ಸೂಕ್ಷ್ಮವಾಗಿ ತೋರಿಸುವ ಬೆಕ್‌ಮನ್ ಥರ್ಮಾಮೀಟರ್ ಇದ್ದರೆ ಅದಕ್ಕೆ ಪ್ರತ್ಯೇಕ ಸರ್ಟಿಫಿಕೇಟಿಗೆ ಖರ್ಚು ಮಾಡಬೇಡಿ, ಒಡೆಯದಂತೆ ನೋಡಿಕೊಳ್ಳಿ. ಯಾರಾದರೂ ಪಿಎಚ್‌ಡಿ ಮಾಡುವವರು ಅದೇ ಮಿಷನ್ ಬಳಸಿ ಪೇಪರ್ ಬರೆಯುವುದಾದರೆ ಮಾತ್ರ ಸರ್ಟಿಫೈಡ್ ಡಬ್ಬಿ, ಅದನ್ನೂ ಅವರ ದುಡ್ಡಿನಲ್ಲಿ ತರಿಸಿ.

ಶಿರಾದವರದ್ದು ಕಷ್ಟದ ಕೇಸು. ಅವರ ಬ್ರಿಕೆಟ್ ಕೊಳ್ಳುವವರು ತಮ್ಮ ಲ್ಯಾಬ್‌ನಲ್ಲಿ ಅಳೆದು, ಕಮ್ಮಿ ಬಂದರೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಇವರ ಅಂಕಿ ಎದುರು ಪಕ್ಷದ ಮುಂದೆ ನಿಲ್ಲಬೇಕು. ಇವರಿಗೆ ಮೂರೂ ಬೇಕು. ವಾರಕ್ಕೆ ಮಾತ್ರೆ, ಆರು ತಿಂಗಳಿಗೆ ಸರ್ಟಿಫೈಡ್, ವರ್ಷಕ್ಕೊಮ್ಮೆ ಪಾಲು ಮಾಡಿದ ಪುಡಿ ಮಾನ್ಯತೆಯ ಲ್ಯಾಬ್‌ಗೆ. ದುಡ್ಡು ಸಾಲದು ಅಂದರೆ ಇಂಜಿನಿಯರಿನ ಕ್ಯಾಲಿಬ್ರೇಷನ್ ಭಾಗವನ್ನು ಕಾಂಟ್ರ್ಯಾಕ್ಟಿನಿಂದ ಬಿಡಿಸಿ, ಸರ್ವಿಸ್ ಮಾತ್ರ ಇಟ್ಟುಕೊಳ್ಳಿ. ಆ ಉಳಿತಾಯ ಡಬ್ಬಿಗೆ ಹಾಕಿ.

ಐದು ಸಲ ಸುಟ್ಟಾಗ ಅಂಕಿಗಳ ಹರಡು ಶೇ 0.2ರ ಒಳಗೆ ಇರಬೇಕು ಅನ್ನುವುದು ನಮ್ಮ ಲ್ಯಾಬ್‌ನ ನಿಯಮ. 2,428ಕ್ಕೆ ಅದು ಸುಮಾರು ಐದು. ಐದರಲ್ಲಿ ಒಂದು ದೂರ ಹೋಯಿತು ಅಂತ ಸುಮ್ನೆ ಕಾಟು ಹಾಕಬೇಡಿ. ಮಸಿ, ಸೋರಿಕೆ, ಅರ್ಧ ಸುಟ್ಟ ವೈರ್, ಏನಾದರೂ ಕಾರಣ ಕಣ್ಣಿಗೆ ಕಂಡರೆ ಮಾತ್ರ ಬಿಡಿ. ಬಾಂಬನ್ನು ನೀರಿಗೆ ಇಳಿಸಿದ ಮೇಲೆ ಗುಳ್ಳೆ ಏಳುತ್ತಿದೆಯಾ ಅಂತ ಒಂದು ನಿಮಿಷ ಬಗ್ಗಿ ನೋಡಿ, ಗುಂಡಿ ಒತ್ತುವ ಮುಂಚೆ ಹಿಂದೆ ಸರಿಯಿರಿ, ಒತ್ತಿದ ಮೇಲೂ ಅರ್ಧ ನಿಮಿಷ ದೂರ ನಿಲ್ಲಿ. ಆಮ್ಲಜನಕದ ಫಿಟ್ಟಿಂಗ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಲೇಬೇಡಿ.

ನಮ್ಮ ರಿಜಿಸ್ಟರಿನ ಮೊದಲ ಪುಟದಲ್ಲಿ ಆ ಹುಡುಗಿ ಕೆಂಪು ಪೆನ್ನಿನಲ್ಲಿ ಒಂದು ಪಟ್ಟಿ ಬರೆದಿದ್ದಾಳೆ. ಹೊಸ ಬಕೆಟ್, ಹೊಸ ಬಾಂಬ್ ಮುಚ್ಚಳ, ಹೊಸ ಥರ್ಮಾಮೀಟರ್, ಹೊಸ ವೈರ್ ರೀಲ್, ಮಿಷನ್ ಜಾಗ ಬದಲಾದರೆ, ಹೊಸ ಮನುಷ್ಯ ಕೆಲಸಕ್ಕೆ ಬಂದರೆ: ಮತ್ತೆ ಐದು. ಕೊನೆಯದನ್ನು ನಾನು ಹೇಳಿರಲಿಲ್ಲ, ಅವಳೇ ಸೇರಿಸಿದ್ದು.